ಗೋಡೆಯ ಬುಡದ ಅರಿಶಿನ

ಒದ್ದೆ ಅರಿಶಿನದ ವಾಸನೆ ಬಂದರೆ ಈಗಲೂ ನನಗೆ ನಮ್ಮ ಹಳೇ ಮನೆಯ ಗೋಡೆ ನೆನಪಾಗುತ್ತದೆ.

ಹಿಂದೂಪುರದ ಹಳೇ ಪೇಟೆಯಲ್ಲಿ, ಹುಣಸೆಹಣ್ಣಿನ ಮಂಡಿಗಳ ಹಿಂದಿನ ಬೀದಿಯಲ್ಲಿ ನಮ್ಮ ಮನೆಯಿತ್ತು. ಅಲ್ಲಿ ಎರಡೆರಡು ಮನೆಗೆ ಒಂದೇ ಗೋಡೆ. ಶುಕ್ರವಾರ ಬೆಳಿಗ್ಗೆ ಅಜ್ಜಿ ಹೊಸಿಲಿಗೆ ಅರಿಶಿನ ಬಳಿದು, ಉಳಿದದ್ದನ್ನು ನಡುಮನೆಯಲ್ಲಿದ್ದ ಆ ಬೋಳು ಗೋಡೆಯ ಬುಡಕ್ಕೂ ಬಳಿಯುತ್ತಿದ್ದಳು. ಯಾಕಜ್ಜಿ ಎಂದು ಕೇಳಿದರೆ, "ಬಳೀಬೇಕು ಕಣಮ್ಮ, ಅಷ್ಟೇಯ" ಎನ್ನುತ್ತಿದ್ದಳು. ಗೋಡೆಯಾಚೆ ಮನೆಯ ಮುದುಕಿಯ ಜೊತೆ ನಮಗೆ ಮಾತಿರಲಿಲ್ಲ. ಅವಳ ಸುದ್ದಿ ಬಂದರೆ ಸಾಕು, "ಅವ್ಳು ನಮ್ಗೇನಾಗ್ಬೇಕು?" ಎಂದು ಅಜ್ಜಿ ಮುಖ ತಿರುವುತ್ತಿದ್ದಳು.

ರಸ್ತೆ ಅಗಲ ಮಾಡಲು ಜೆಸಿಬಿ ಬಂದದ್ದೂ ಒಂದು ಶುಕ್ರವಾರವೇ. ಅಜ್ಜಿ ಅರಿಶಿನ ಬಳಿದು ಏಳುವಷ್ಟರಲ್ಲಿ, "ಅವ್ವಾ, ಜರುಗಮ್ಮಾ!" ಎಂದು ಡ್ರೈವರ್ ಪಕ್ಕಕ್ಕೆ ಸರಿಯಲು ತೆಲುಗಿನಲ್ಲಿ ಕೂಗಿದ. ಜಗುಲಿ ಹೋಯಿತು. ನಡುಮನೆಯ ಮುಂಭಾಗ ಹೋಯಿತು. ಆ ಬೋಳು ಗೋಡೆಯ ಗಾರೆ ದಬದಬನೆ ಉದುರಿತು.

ಗೋಡೆಯೊಳಗೆ ಒಂದು ಬಾಗಿಲಿತ್ತು! ಕೆತ್ತನೆಯ ಚೌಕಟ್ಟು, ಕೆಳಗೆ ಸವೆದ ಹೊಸಿಲು, ನಡುವೆ ತುಂಬಿದ ಇಟ್ಟಿಗೆ.

"ಆಚೆಮನೆ ಆವಮ್ಮ ನನ್ನ ವಾರಗಿತ್ತಿ ಕಣಮ್ಮ," ಎಂದಳು ಅಜ್ಜಿ. "ಅಣ್ಣತಮ್ಮಂದ್ರು ಕಿತ್ತಾಡಿ ಬಾಗ್ಲಿಗೆ ಗೋಡೆ ಎತ್ಬುಟ್ರು. ಹೊಸಿಲು ಕೀಳಬಾರ್ದು ಅಂತ ಚೌಕಟ್ಟು ಹಂಗೇ ಬಿಟ್ರು."

ಅಷ್ಟರಲ್ಲಿ ಇಟ್ಟಿಗೆಗಳೂ ಕುಸಿದುಬಿದ್ದವು. ಆಚೆ ಧೂಳಿನಲ್ಲಿ ಆ ಮುದುಕಿ ನಿಂತಿದ್ದಳು. ಹೊಸಿಲಿಗೆ ಅಂಟಿ ಉಳಿದಿದ್ದ ಅವಳ ಕಡೆಯ ಗಾರೆಯೂ ಹಳದಿಯಾಗಿತ್ತು.

ಅಜ್ಜಿ ಬಗ್ಗಿ ಮುಟ್ಟಿ ನೋಡಿದಳು. ಅರಿಶಿನ ಇನ್ನೂ ಒದ್ದೆಯಿತ್ತು.