ಪಾಲಿನ ಗುಳಿಗೆ

ಪಾದರಸ ಇಂದೂ ಕೆಳಗಿಳಿಯಲಿಲ್ಲ. ಡಾಕ್ಟರ್ ಗುರಲಿಂಗಪ್ಪ ಬಿಬಿಜಾನಳ ತೋಳಿನಿಂದ ಪಟ್ಟಿ ಬಿಚ್ಚಿ, ಕೇಸ್ ಪೇಪರನ್ನು ಮತ್ತೆ ಓದಿದರು. ಅವಳು ತಾಂಬಾ ಊರಿನಿಂದ ಬಂದು ದವಾಖಾನೆಗೆ ಸೇರಿದ ದಿನ ತಾವೇ ಕೇಳಿ ಬರೆದದ್ದು: ರಕ್ತದೊತ್ತಡಕ್ಕೆ ದಿನಾ ಬೆಳಿಗ್ಗೆ ಎರಡು ಗುಳಿಗೆ, ತಪ್ಪಿಸಿಲ್ಲ. ಇಲ್ಲಿಯೂ ಅಷ್ಟನ್ನೇ ಕೊಡುತ್ತಿದ್ದರು.

“ಎರಡಕ್ಕ ಬಗ್ಗವಲ್ದು. ನಾಳಿಂದ ನಾಕು. ಅದಕ್ಕೂ ಬಗ್ಗಲಿಲ್ಲಂದ್ರ ಬಿಜಾಪುರಕ್ಕ ಕಳಸ್ತೇನಿ.”

ಬಿಬಿಜಾನ ಎದ್ದೇ ಕುಳಿತಳು. “ಸಾಹೇಬ್ರ, ಬರೂ ಶುಕ್ರವಾರ ಮಗಳ ನಿಕಾ ಐತ್ರಿ! ನಾಲತವಾಡದ ಬೀಗರು ಬಂದಾಗ ನಾ ಬಿಜಾಪುರದಾಗ ಮಲಗಿರ್ಲೇನ್ರಿ?”

ನರ್ಸ್ ಸಾವಿತ್ರವ್ವ ಎರಡು ಗುಳಿಗೆಗಳನ್ನು ಅವಳ ಅಂಗೈಗೆ ಹಾಕಿ ಮುಂದಿನ ಮಂಚಕ್ಕೆ ಹೋದಳು. ಡಾಕ್ಟರು ಬಾಗಿಲ ಬಳಿ ತಿರುಗಿ ನೋಡಿದರು. ರೊಟ್ಟಿ ಬುತ್ತಿ ತಂದು ನೆಲದ ಮೇಲೆ ಕುಳಿತಿದ್ದ ನೆರೆಮನೆಯ ಸುಂದರವ್ವ ತಲೆಯೆತ್ತಿ ಗಟಗಟ ನೀರು ಕುಡಿಯುತ್ತಿದ್ದಳು. ಬಿಬಿಜಾನಳ ಅಂಗೈಯಲ್ಲಿ ಒಂದೇ ಗುಳಿಗೆ ಉಳಿದಿತ್ತು.

“ಯವ್ವಾ, ಏನ ನುಂಗಿದಿ?”

“ನನ್ನ ಪಾಲಿಂದ್ರಿ,” ಎಂದಳು ಸುಂದರವ್ವ.

“ಎದುರಿಗೆ ಕುಂತಾಕಿಗೆ ಕೊಡದ ಒಬ್ಬಾಕಿನ ಹೆಂಗ ತಿನ್ನಲ್ರಿ?” ಎಂದಳು ಬಿಬಿಜಾನ. “ಊರಾಗೂ ಹಿಂಗ. ಮುಂಜಾನೆ ಕಟ್ಟಿ ಮ್ಯಾಲ ಕುಂತು, ನನಗೊಂದು ಅಕಿಗೊಂದು.”

“ಅದೇನು ಅಡಕಿಯೇನು, ಹಂಚ್ಕೊಂಡು ತಿನ್ನಾಕ?”

“ಅಡಕಿ ಆಗಿದ್ರ ಈ ಜಿಪುಣಿ ಒಂದ ಹೋಳು ಕೊಡ್ತಿದ್ಳು. ಗುಳಿಗಿ ಅಂತ ಇಡೀದು ಸಿಕ್ಕೇತ್ರಿ,” ಎಂದಳು ಸುಂದರವ್ವ.

ಡಾಕ್ಟರು ಅಲ್ಲೇ ಕುಳಿತು ಸುಂದರವ್ವನ ತೋಳಿಗೆ ಪಟ್ಟಿ ಸುತ್ತಿದರು. ಪಾದರಸ ತೀರಾ ಕೆಳಗಿತ್ತು.

“ತಲಿ ತಿರಗ್ತೈತೇನು?”

“ಎದ್ದು ನಿಂತ್ರ ಸಾಕ್ರಿ, ಭೂಮಿನ ತಿರಗ್ತೈತಿ. ಯಾರದೋ ದೃಷ್ಟಿ ಆಗೇತಂತ ಈಕಿನೇ ನಿವಾಳಿಸಿ ಒಗದಾಳ.”

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ದಿನಕ್ಕೆ ಎರಡು ಗುಳಿಗೆ ಖರ್ಚಾಗಿದ್ದು ನಿಜ. ಬಾಯಿ ಎಷ್ಟೆಂದು ತಾವು ಕೇಳಿರಲಿಲ್ಲ. ನಾಲ್ಕು ಬರೆದಿದ್ದರೆ ಸುಂದರವ್ವನಿಗೂ ಮಂಚ ಹಾಕಬೇಕಾಗುತ್ತಿತ್ತು. ನಗುತ್ತಲೇ ಕೇಸ್ ಪೇಪರಿನಲ್ಲಿ ಎರಡೇ ಸಾಕೆಂದು ಬರೆದರು.

ಮರುದಿನದಿಂದ ಗುಳಿಗೆಯ ಹೊತ್ತಿಗೆ ಸುಂದರವ್ವನನ್ನು ಹೊರಗೆ ಬೇವಿನ ನೆರಳಿಗೆ ಕಳಿಸಿದರು. ಅವಳಿಲ್ಲದೆ ನುಂಗಲು ಬಿಬಿಜಾನಳಿಗೆ ಎಷ್ಟು ನಾಚಿಕೆಯೆಂದರೆ, ಸೆರಗು ಮರೆಮಾಡಿಕೊಂಡು ಎರಡನ್ನೂ ನುಂಗಿದಳು. ಪಾದರಸ ದಿನದಿಂದ ದಿನಕ್ಕೆ ಇಳಿಯಿತು. ಶುಕ್ರವಾರ ನಾಲತವಾಡದ ಬೀಗರನ್ನು ಅವಳೇ ಮನೆಯ ಬಾಗಿಲಲ್ಲಿ ನಿಂತು ಒಳಗೆ ಕರೆದಳು. ಪಕ್ಕದಲ್ಲಿ ತಲೆ ತಿರುಗದ ಸುಂದರವ್ವ ಇದ್ದಳು.

ಮುಂದಿನ ವಾರ ಮುದುಕನೊಬ್ಬ ದವಾಖಾನೆಗೆ ಸೇರಿದ. ಡಾಕ್ಟರು ಹೊಸ ಪೇಪರು ತೆಗೆದರು.

“ಅಜ್ಜಾ, ಮನ್ಯಾಗ ಗುಳಿಗಿ ತಗೋತಿಯೇನು?”

“ದಿನಾ ತಪ್ಪದ ತಗೋತೇನ್ರಿ.”

ಡಾಕ್ಟರು ಬರೆಯಲಿಲ್ಲ. ಪೆನ್ನು ಎತ್ತಿ ಹಿಡಿದು ಕೇಳಿದರು: “ಯಾರ ಕೂಡ?”

ಮುದುಕ ನಾಚಿ, ಬಾಗಿಲ ಬಳಿ ಕುಳಿತಿದ್ದ ಮುದುಕಿಯ ಕಡೆ ನೋಡಿದ.