ತಿದ್ದಿದ ಕರೆಯೋಲೆ

ಗಿರಿಜಾಂಬ ಅವರ ಹಿರಿಮಗಳ ಮದುವೆಗೆ ನಾದಿನಿ ಬಂದಿರಲಿಲ್ಲ. ಅಚ್ಚು ಹಾಕಿಸಿದ ಕಾರ್ಡು ಊರಿಗೆಲ್ಲ ಹೋಗುತ್ತದೆ, ಅದರಿಂದ ತನ್ನನ್ನು ಕರೆದ ಹಾಗಾಗಲಿಲ್ಲ ಎಂದಿದ್ದಳು. ಸೋದರತ್ತೆಯೇ ಎತ್ತಬೇಕಾದ ಆರತಿಯನ್ನು ಕೊನೆಗೆ ಪಕ್ಕದ ಮನೆಯವರ ಕೈಯಲ್ಲಿ ಎತ್ತಿಸಿದ್ದಾಯಿತು. ಹಾಗಾಗಿ ಕಿರಿಮಗಳ ಮದುವೆ ಗೊತ್ತಾದ ಕೂಡಲೇ ಗಿರಿಜಾಂಬ ಪ್ರೆಸ್ಸಿಗೆ ಹೋದರು.

"ಕೈಯಲ್ಲಿ ಬರೆದ ಹಾಗೇ ಕಾಣೋ ಅಕ್ಷರ ಇದೆಯಂತಲ್ಲ?"

"ಇದೆ ತಾಯಿ. ಬೇಕಾದ್ರೆ ಒಂದು ಪದ ಹೊಡೆದುಹಾಕಿ ಮೇಲೆ ತಿದ್ದಿದ ಹಾಗೆ ಮಾಡ್ತೀನಿ. ಯಾರಪ್ಪನಾಣೆಗೂ ಗೊತ್ತಾಗಲ್ಲ."

"ಹಾಗೇ ಮಾಡಿ. ನಾದಿನಿಗೆ ಒಂದು ಸಾಕು."

"ಒಂದಕ್ಕೆಲ್ಲ ಮೆಷಿನ್ ಓಡಿಸಲ್ಲ. ಕಮ್ಮಿ ಅಂದ್ರೆ ಇನ್ನೂರು."

"ಸರಿ, ಇನ್ನೂರೇ ಹಾಕಿ."

ಮದುವೆಯ ದಿನ ನಾದಿನಿ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಳು. ಆರತಿ ತಟ್ಟೆ ಬರುವುದರೊಳಗೆ, ಪಕ್ಕದಲ್ಲಿದ್ದ ಹೆಂಗಸಿಗೆ ಪರ್ಸಿನಿಂದ ಕರೆಯೋಲೆ ತೆಗೆದು ತೋರಿಸಿದಳು.

"ನೋಡಿ, ಅತ್ತಿಗೆ ನನಗೇ ಅಂತ ಕೂತು ಬರೆದಿದ್ದು. 'ಬನ್ನಿ' ಅಂತ ಬರೆದವರು, ಮನಸ್ಸು ತಡೀದೆ ಹೊಡೆದುಹಾಕಿ 'ಬರಲೇಬೇಕು' ಅಂತ ತಿದ್ದಿದಾರೆ."

ಆ ಹೆಂಗಸು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಆಮೇಲೆ ತಮ್ಮ ಚೀಲಕ್ಕೆ ಕೈ ಹಾಕಿದರು.

"ನನಗೂ ಅಲ್ಲೇ ತಿದ್ದಿದಾರೆ."