ಶ್ರೇಷ್ಠ ನಟಿಯ ಆಯ್ಕೆ

ಫಿಲಂ ಸೊಸೈಟಿಯ ಪ್ರಶಸ್ತಿಗೆ ಶ್ರೇಷ್ಠ ನಟಿಯನ್ನು ಆರಿಸಬೇಕಿದ್ದ ವಿರೂಪಾಕ್ಷಯ್ಯನವರು ಕ್ಯಾಂಟೀನಿನಲ್ಲಿ ಬೋಂಡಾ ಮುಗಿಸಿ, ವೇದಿಕೆಯಲ್ಲಿ ಚಿತ್ರದ ಪರಿಚಯದ ಮಾತೆಲ್ಲ ಮುಗಿದ ಮೇಲೆ ಒಳಗೆ ಬಂದು ಕೂತರು. ನಲವತ್ತು ವರ್ಷ ಸಿನಿಮಾ ನೋಡಿದ ಕಣ್ಣು ತಮ್ಮದು, ಸುಳ್ಳು ನಟನೆಯನ್ನು ಹಿಡಿದೇಬಿಡುತ್ತದೆ ಎಂದು ಅವರಿಗೆ ಭಾರೀ ನಂಬಿಕೆ.

ಚಿತ್ರ ಮುಗಿದು ದೀಪ ಹತ್ತಿದ್ದೇ ತಡ, ಮೈಕ್ ಹಿಡಿದರು.

“ಯಾರ್ರೀ ಆಕೆಗೆ ಪಾತ್ರ ಕೊಟ್ಟೋರು? ಮ್ಯಾನ್‌ಹೋಲಿಂದ ಮಗನ ಹೆಣ ತೆಗೆದು ಮುಂದೆ ಮಲಗಿಸಿದ್ದಾರೆ, ಈಯಮ್ಮ ಅವನ ಅಂಗಿ ಗುಂಡಿ ಹಾಕ್ತಾ ಕೂತಿದ್ದಾಳೆ! ಒಂದು ಹನಿ ಕಣ್ಣೀರಿಲ್ಲ. ನಮ್ಮನೆ ಬೆಕ್ಕು ಇದಕ್ಕಿಂತ ಚೆನ್ನಾಗಿ ನಟಿಸುತ್ತೆ!”

ಯಾರೂ ನಗಲಿಲ್ಲ. ನಿರ್ದೇಶಕನ ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ನಿಂತಳು. ಪರದೆಯ ಮೇಲಿದ್ದ ಅದೇ ಮುಖ.

“ನಂಗೆ ನಟನೆ ಬರಾಕಿಲ್ಲ ಸಾಮಿ. ನನ್ ಮಗ ಸತ್ತ ದಿನ ಇವ್ರು ಕ್ಯಾಮೆರಾ ಹಿಡ್ಕಂಡು ಬಂದಿದ್ರು, ಅಷ್ಟೆ. ನಾನು ಹೆಂಗೆ ಅಳ್ಬೇಕಿತ್ತು, ಯೋಳಿ.”